ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಶುಶ್ರೂಷೆ: ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯನ್ನು ಕುರಿತು ಒಂದು ವಿವೇಚನೆ

ಸಾಂಕ್ರಾಮಿಕ ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಹೇಳಿ ಮುಗಿಸುವುದುಂಟು: ರೋಗವು ಯಾವ ಮಾರ್ಗವಾಗಿ ಬಂದಿತು, ಸರಕಾರವು ಯಾವ ಕಟ್ಟಳೆಗಳನ್ನು ಹೊರಡಿಸಿತು, ಎಷ್ಟು ಮಂದಿ ಮಡಿದರು. ರೋಗಿಯು ಮಲಗಿದ್ದ ದಿನಗಳಲ್ಲಿ ಅವನ ಬಾಯಿಗೆ ನೀರು ಹನಿಸಿದವರು ಯಾರು, ರಾತ್ರಿ ಸನ್ನಿಯಲ್ಲಿ ಎದ್ದು ಓಡಹೊರಟಾಗ ಹಿಡಿದು ಮಲಗಿಸಿದವರು ಯಾರು ಎಂಬ ಪ್ರಶ್ನೆ ಈ ಬರೆಹಗಳಲ್ಲಿ ಏಳುವುದು ಅಪೂರ್ವ. ನಮ್ಮ ಎಣಿಕೆಯಲ್ಲಿ ಇದು ಅಡಿಟಿಪ್ಪಣಿಗೆ ಬಿಡತಕ್ಕ ವಿಷಯವಲ್ಲ. ಮದ್ದಿಲ್ಲದ ರೋಗದಲ್ಲಿ ಚಿಕಿತ್ಸೆಯೆಂಬುದು ಬಹುಮಟ್ಟಿಗೆ ಶುಶ್ರೂಷೆಯೇ ಆಗಿರುತ್ತದೆ. ಆದಕಾರಣ ಆ ಕೆಲಸವನ್ನು ಯಾರು, ಎಲ್ಲಿ, ಯಾವ ಕಟ್ಟುಪಾಡಿನಲ್ಲಿ ಮಾಡಿದರೆಂಬುದನ್ನು ತಿಳಿಯದೆ ಸಾಂಕ್ರಾಮಿಕದ ಚರಿತ್ರೆಯನ್ನು ತಿಳಿದಂತಾಗಲಿಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆಯನ್ನು ಕಣ್ಮುಂದಿಟ್ಟುಕೊಂಡು, 1896ರಲ್ಲಿ ಮೊದಲಾದ ಪ್ಲೇಗು ಹಾಗೂ 2020-21ರ ಕೋವಿಡ್ ಎಂಬ ಎರಡು ಸಂದರ್ಭಗಳಲ್ಲಿ ಈ ವಿಷಯವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ಕುರಿತು ಒಂದು ಮಾತು. ಸಂಸ್ಕೃತದಲ್ಲಿ ‘ಶುಶ್ರೂಷಾ’ ಎಂದರೆ ಮೂಲಾರ್ಥದಲ್ಲಿ ಕೇಳುವ ಇಚ್ಛೆ. ಗುರುವಿನ ಮಾತಿಗೆ ಕಿವಿಗೊಟ್ಟು ನಿಲ್ಲುವವನ ಭಾವವೇ ಮುಂದೆ ಸೇವೆ ಎಂಬ ಅರ್ಥಕ್ಕೆ ತಿರುಗಿ, ರೋಗಿಯ ಆರೈಕೆಗೂ ಅನ್ವಯಿಸಿತು. ನಮ್ಮ ‘ದಾದಿ’ಯಾದರೋ ಮೊದಲು ಮಗುವಿಗೆ ಹಾಲೂಡುವವಳು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿ ಎಂಬ ನಾಲ್ಕು ಗುಣಗಳಿರಬೇಕೆಂದು ಅದರ ವಿಧಿ. ಶಾಸ್ತ್ರದಲ್ಲಿ ಇಷ್ಟು ಎತ್ತರದ ಸ್ಥಾನ ಪಡೆದ ಈ ಮೂರನೆಯ ಪಾದವು ವ್ಯವಹಾರದಲ್ಲಿ ಮನೆಯ ಹೆಂಗಸರ ಹೆಗಲಿಗೂ, ಆಸ್ಪತ್ರೆಯಾದರೆ ಕಡಮೆ ಸಂಬಳದ ಆಳುಗಳ ಕೈಗೂ ಸೇರಿಹೋದದ್ದು ಗಮನಿಸತಕ್ಕ ವಿಷಯ.

ಈ ಮೂರೂ ಊರುಗಳು ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹರಿಹರದತ್ತ ಹೋಗುವ ರೈಲುದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಕ್ರಮದಲ್ಲಿ ಬರುತ್ತವೆ. ಪ್ಲೇಗಿನ ಕಾಲದಲ್ಲಿ ಇದು ಸದರ್ನ್ ಮರಾಠಾ ರೈಲ್ವೆಯ ಹಳಿ. ಸೀಮೆಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಹಾವೇರಿಯು ಆಗ ಕರಜಗಿ ತಾಲೂಕಿನೊಳಗಿನ ಊರು. ರಾಣೇಬೆನ್ನೂರನ್ನು ದಾಟಿ ತುಂಗಭದ್ರೆಯನ್ನು ಹಾಯ್ದರೆ ಹರಿಹರ, ಅಲ್ಲಿಂದ ಮೈಸೂರು ಸಂಸ್ಥಾನ. ಅರಳೆ, ಮೆಣಸಿನಕಾಯಿ, ಕಾಳುಕಡಿಗಳ ಪೇಟೆಗಳಾದ ಈ ಊರುಗಳಿಗೆ ರೈಲು ವ್ಯಾಪಾರವನ್ನು ತಂದಂತೆಯೇ ವ್ಯಾಪಾರದ ಮೂಟೆಗಳೊಡನೆ ಇಲಿಯನ್ನೂ, ಇಲಿಯೊಡನೆ ಚಿಗಟವನ್ನೂ ತಂದಿತು. ಧಾರವಾಡ ಜಿಲ್ಲೆಯ ಹಳೆಯ ಗೆಝೆಟಿಯರನ್ನು ತೆರೆದು ಈ ಪ್ಲೇಗನ್ನು ಹುಡುಕುವ ವಿದ್ಯಾರ್ಥಿಗೆ ಅದು ದೊರೆಯಲಾರದು. ಆ ಸಂಪುಟ ಅಚ್ಚಾದದ್ದು 1884ರಲ್ಲಿ, ಪ್ಲೇಗು ಬರುವುದಕ್ಕೆ ಹನ್ನೆರಡು ವರುಷ ಮೊದಲು. ಅದಕ್ಕೆ ಬದಲಾಗಿ ನೋಡಬೇಕಾದದ್ದು ಕ್ಯಾಪ್ಟನ್ ಕಾಂಡನ್ ಎಂಬವನು ಸಿದ್ಧಗೊಳಿಸಿ 1900ರಲ್ಲಿ ಪ್ರಕಟವಾದ ಮುಂಬಯಿ ಪ್ಲೇಗಿನ ಇತಿಹಾಸವನ್ನು.

ರೋಗದ ಆಗಮನವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1896ರ ಸೆಪ್ಟಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೇಗಾಸ್ ಅವರು ಅದನ್ನು ಗುರುತಿಸಿದರು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಯಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಭೀಕರವಾಗಿ ಹಬ್ಬಿತು; ಅದೇ ವರುಷದ ಆಗಸ್ಟಿನಲ್ಲಿ ಇದೇ ರೈಲುದಾರಿಯನ್ನು ಹಿಡಿದು ಬೆಂಗಳೂರನ್ನು ಮುಟ್ಟಿತು. ಮೈಸೂರು ಸಂಸ್ಥಾನವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಮುಂದಿನ ದಶಕಗಳಲ್ಲಿ ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಅಂದು ಸರಕಾರವು ಏರ್ಪಡಿಸಿದ ಸ್ಥಳಗಳು ಮೂರು ಬಗೆಯವು. ರೋಗಿಗಳಿಗೆ ಪ್ಲೇಗು ಆಸ್ಪತ್ರೆ. ರೋಗಿಯೊಡನೆ ಇದ್ದವರನ್ನು ಸಾಮಾನ್ಯವಾಗಿ ಹತ್ತು ದಿನ ಇರಿಸಿ ನೋಡುವ ಪ್ರತ್ಯೇಕ ಶಿಬಿರ. ರೋಗವಿಲ್ಲದವರು ಊರು ಬಿಟ್ಟು ಬಂದು ಇರತಕ್ಕ ಆರೋಗ್ಯ ಶಿಬಿರ. ಕಾಗದದ ಮೇಲೆ ಸ್ಪಷ್ಟವಾಗಿದ್ದ ಈ ಭೇದವು ಜನರ ಮನಸ್ಸಿಗೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಮೂರೂ ಒಂದೇ ಬಯಲು, ಒಂದೇ ತಟ್ಟಿ ಹುಲ್ಲಿನ ಜೋಪಡಿ, ಒಂದೇ ಕಾವಲು. ನಮ್ಮ ಹಳ್ಳಿಗಳಲ್ಲಿ ಈ ಮೂರನೆಯದಕ್ಕೆ ಸರಕಾರದ ಆಜ್ಞೆಯೂ ಬೇಕಾಗಿರಲಿಲ್ಲ. ಇಲಿ ಬಿದ್ದಿತೆಂದರೆ ಜನ ತಾವಾಗಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೊರಬೀಳುವುದನ್ನು ಬೇಗ ಕಲಿತರು. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು (1970) ಓದಿದವರಿಗೆ, ಹಳೆಯ ಮೈಸೂರಿನ ಹಳ್ಳಿಯೊಂದರಲ್ಲಿ ಈ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿಯೂ ಎಷ್ಟು ಬೇರೂರಿತ್ತೆಂಬುದು ತಿಳಿದೇ ಇದೆ.

ಇಲ್ಲಿ ಧಾರವಾಡ ಸೀಮೆಯ ವಿಶೇಷವೊಂದನ್ನು ಮರೆಯಬಾರದು. ಮುಂಬಯಿಯಲ್ಲಿ ಪ್ಲೇಗು ಮೇಲೇಳುತ್ತಿದ್ದದ್ದು ಚಳಿಗಾಲದ ಕೊನೆಗೆ, ಒಣ ಹವೆಯಲ್ಲಿ. ನಮ್ಮಲ್ಲಿ ಅದು ಮಳೆಗಾಲದಲ್ಲಿ ಏರಿ ದಸರೆ ದೀಪಾವಳಿಗಳ ಸುಮಾರಿಗೆ ಉಗ್ರವಾಗುತ್ತಿದ್ದಿತು. ಎಂದರೆ ಜನರು ಬಯಲಿಗೆ ಬರಬೇಕಾಗುತ್ತಿದ್ದದ್ದು ಎರೆಯ ಭೂಮಿಯಲ್ಲಿ ಕಾಲು ಹೂತುಹೋಗುವ ಕಾಲಕ್ಕೆ. ಸೋರುವ ಜೋಪಡಿಯಲ್ಲಿ, ಹಸಿ ನೆಲದ ಮೇಲೆ, ಒದ್ದೆ ಸೌದೆಯಲ್ಲಿ ಗಂಜಿ ಕಾಯಿಸಿ ಜ್ವರದವನಿಗೆ ಕುಡಿಸುವುದೆಂದರೆ ಏನೆಂಬುದನ್ನು ಮುಂಬಯಿಯ ಪ್ಲೇಗನ್ನು ಓದಿ ಊಹಿಸಲಾಗದು.

ಇನ್ನು ಶುಶ್ರೂಷೆಯ ಸ್ವರೂಪ. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುವ ಪ್ಲೇಗಿಗೆ 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬರುವವರೆಗೆ ನಂಬತಕ್ಕ ಮದ್ದು ಇರಲಿಲ್ಲವೆಂದೇ ಹೇಳಬೇಕು. ಆಸ್ಪತ್ರೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಉಳಿದವರು ಉಳಿದದ್ದು ತಮ್ಮ ದೇಹಬಲದಿಂದ, ಮತ್ತು ಆ ಬಲ ಕುಂದದಂತೆ ನೋಡಿಕೊಂಡವರಿಂದ. ಅಂದಿನ ವೈದ್ಯರೆಲ್ಲರೂ ಒತ್ತಿ ಹೇಳುತ್ತಿದ್ದ ನಿಯಮವೊಂದಿದೆ: ಪ್ಲೇಗಿನ ರೋಗಿಯನ್ನು ಎದ್ದು ಕೂರಲು ಬಿಡಬಾರದು. ಈ ರೋಗವು ಹೃದಯವನ್ನು ಬಹಳವಾಗಿ ದುರ್ಬಲಗೊಳಿಸುವುದರಿಂದ, ಜ್ವರ ಇಳಿದು ಗುಣಮುಖನಾಗುತ್ತಿದ್ದವನು ಸಹ ಥಟ್ಟನೆ ಎದ್ದು ಕುಳಿತಾಗ ಪ್ರಾಣ ಬಿಡುವುದಿತ್ತು. ಆದರೆ ಸನ್ನಿಯಲ್ಲಿ ಎದ್ದೋಡುವುದೇ ಈ ರೋಗದ ಲಕ್ಷಣ! ಹೀಗಾಗಿ ಹಗಲಿರುಳು ಒಬ್ಬರು ಪಕ್ಕದಲ್ಲಿರದೆ ಗತ್ಯಂತರವಿರಲಿಲ್ಲ. ಮೈಯನ್ನು ತಣ್ಣೀರಿನ ಬಟ್ಟೆಯಿಂದ ಒರೆಸುವುದು, ಮಲಗಿದಂತೆಯೇ ಗುಟುಕು ಗುಟುಕಾಗಿ ಹಾಲು ಗಂಜಿಗಳನ್ನು ಕುಡಿಸುವುದು, ಮಲಮೂತ್ರಗಳಿಗೆ ಏಳಗೊಡದೆ ಅಲ್ಲಿಯೇ ಅನುವು ಮಾಡುವುದು, ಗಡ್ಡೆಗೆ ಪೋಲ್ಟೀಸು ಕಟ್ಟುವುದು, ಅದು ಬಲಿತು ಕೀವಾದಾಗ ಕೊಯ್ದ ಗಾಯವನ್ನು ವಾರಗಟ್ಟಲೆ ತೊಳೆದು ಕಟ್ಟುವುದು, ಇದೇ ಚಿಕಿತ್ಸೆ. ವೈದ್ಯನು ದಿನಕ್ಕೆ ಒಮ್ಮೆಯೋ ಎರಡು ಸಲವೋ ಬಂದು ಹೋಗುವವನು. ಉಳಿದ ಹೊತ್ತೆಲ್ಲ ರೋಗಿಯು ಇದ್ದದ್ದು ಮತ್ತೊಬ್ಬರ ಕೈಯಲ್ಲಿ.

ಆ ಮತ್ತೊಬ್ಬರು ಯಾರು? ಪ್ಲೇಗಿನ ಕೆಲಸಕ್ಕೆಂದು ಇಂಗ್ಲೆಂಡಿನಿಂದ ತರಬೇತಿ ಹೊಂದಿದ ದಾದಿಯರನ್ನು ಕರೆಯಿಸಿದ್ದು ನಿಜ. ಆದರೆ ಅವರ ಸಂಖ್ಯೆ ಸ್ವಲ್ಪ. ಅವರ ಕ್ಷೇತ್ರ ಮುಖ್ಯವಾಗಿ ಮುಂಬಯಿ, ಪುಣೆಗಳಂಥ ದೊಡ್ಡ ಊರುಗಳು. ಮುಂಬಯಿಯ ಜೆ. ಜೆ. ಆಸ್ಪತ್ರೆ, ಕಾಮಾ ಆಸ್ಪತ್ರೆಗಳಲ್ಲಿ ದೇಶೀಯ ಹೆಂಗಸರಿಗೆ ಶುಶ್ರೂಷೆಯ ಶಿಕ್ಷಣ ಆಗತಾನೆ ಬೇರೂರುತ್ತಿದ್ದಿತು. ತಾಲೂಕಿನ ಪೇಟೆಗಳ ಮಟ್ಟದಲ್ಲಿ ಲಭ್ಯವಿದ್ದವರೆಂದರೆ ಹಾಸ್ಪಿಟಲ್ ಅಸಿಸ್ಟೆಂಟ್ ದರ್ಜೆಯ ದೇಶೀಯ ವೈದ್ಯನೊಬ್ಬ, ಕೆಲವು ಮಂದಿ ವಾರ್ಡಿನ ಆಳುಗಳು, ಜಾಡಮಾಲಿಗಳು. ಇವರ ಜತೆಗೆ ರೋಗಿಯ ತಾಯಿ, ಹೆಂಡತಿ, ಅಕ್ಕ. ಪ್ಲೇಗು ಆಸ್ಪತ್ರೆಗೆ ನೆಂಟರನ್ನು ಬಿಡಬೇಕೇ ಎಂಬ ಪ್ರಶ್ನೆಯೇ ಅಂದಿನ ಪ್ಲೇಗು ಆಡಳಿತದ ಯಶಸ್ಸು ವಿಫಲತೆಗಳನ್ನು ನಿರ್ಣಯಿಸಿತೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಮುಂಬಯಿಯ ಅನುಭವವೇ ಸಾಕ್ಷಿ. 1896ರ ಅಕ್ಟೋಬರಿನಲ್ಲಿ ಆರ್ಥರ್ ರೋಡಿನ ಸಾಂಕ್ರಾಮಿಕ ಆಸ್ಪತ್ರೆಯ ಮೇಲೆ ಗಿರಣಿ ಕೆಲಸಗಾರರು ನುಗ್ಗಿ ದಾಳಿ ಮಾಡಿದರು. ಆಸ್ಪತ್ರೆಗೆ ಹೋದವನು ತಿರುಗಿ ಬರುವುದಿಲ್ಲ, ಅಲ್ಲಿ ಕೊಂದು ಮೈಯಿಂದ ಎಣ್ಣೆ ಇಳಿಸುತ್ತಾರೆ ಎಂಬ ಗಾಳಿಮಾತು ಹಬ್ಬಿದ್ದಿತು. ಗಾಳಿಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಬಾಗಿಲಾಚೆ ಏನು ನಡೆಯುತ್ತದೆಂದು ಕಾಣದವರು ಊಹೆಯಿಂದಲೇ ಅದನ್ನು ತುಂಬಿಕೊಳ್ಳುವುದು ಸಹಜ. 1897-98ರಲ್ಲಿ ಅಲ್ಲಿಯ ನಾನಾ ಸಮಾಜಗಳು ತಮ್ಮ ತಮ್ಮ ಪ್ಲೇಗು ಆಸ್ಪತ್ರೆಗಳನ್ನು ತೆರೆದು, ಸ್ವಜನರಿಗೆ ರೋಗಿಯ ಬಳಿ ಇರಲು ಎಡೆಗೊಟ್ಟ ಮೇಲೆ ಜನರ ಪ್ರತಿಭಟನೆ ಮೆತ್ತಗಾಯಿತು. ಪುಣೆಯಲ್ಲಿ ಟಿಳಕರೂ ಇಂಥದೊಂದು ಆಸ್ಪತ್ರೆಯ ಸ್ಥಾಪನೆಗೆ ಕಾರಣರಾದರು. ನಮ್ಮ ನಾಡಿನ ಮಲೆಸೀಮೆಯಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು 1897ರಲ್ಲಿ ಪುಣೆಯ ಪ್ಲೇಗು ಆಸ್ಪತ್ರೆ ಶಿಬಿರಗಳಲ್ಲಿ ಹೆಂಗಸರಿಗೆ ತಕ್ಕ ರಕ್ಷಣೆಯಿಲ್ಲವೆಂದು ಪತ್ರಿಕೆಗೆ ಬರೆದರು. ಸರಕಾರವು ಅದನ್ನು ಅಲ್ಲಗಳೆಯಿತು. ಅವರ ಆಕ್ಷೇಪ ವೈದ್ಯಶಾಸ್ತ್ರದ ಮೇಲಲ್ಲ, ಪರಿಚಾರಕರ ಮೇಲೆ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು.

ಈಗ ವಿಚಿತ್ರವಾದ ಒಂದು ಸಂಗತಿ. ಪ್ಲೇಗು ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟಿ, ಎತ್ತಿ, ತೊಳೆದು ಶುಶ್ರೂಷೆ ಮಾಡುತ್ತಿದ್ದವರಿಗೆ ರೋಗ ತಗಲುತ್ತಿದ್ದದ್ದು ಬಹು ವಿರಳ. ಗಾಳಿ ಬೆಳಕುಳ್ಳ ಪ್ಲೇಗು ಆಸ್ಪತ್ರೆಯೇ ಪ್ಲೇಗಿನ ಊರಿನಲ್ಲಿ ಅತ್ಯಂತ ನಿರ್ಭಯವಾದ ಜಾಗವೆಂಬ ಮಾತು ಅಂದಿನ ವೈದ್ಯರಲ್ಲಿ ಪ್ರಚಲಿತವಾಗಿತ್ತು. ಕಾರಣ ಮಾತ್ರ ಅವರಿಗೆ ಹೊಳೆದಿರಲಿಲ್ಲ. ಯೆರ್ಸಿನನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ರೋಗಾಣುವನ್ನು ಕಂಡುಹಿಡಿದಿದ್ದರೂ, ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ಬರುವುದೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ವೈದ್ಯಲೋಕ ಒಪ್ಪಿಕೊಂಡದ್ದು 1905ರಿಂದ ಮುಂದೆ ಭಾರತದಲ್ಲಿಯೇ ನಡೆದ ಪ್ರಯೋಗಗಳ ತರುವಾಯ. ಇಲಿ ಸತ್ತು ತಣ್ಣಗಾದಾಗ ಅದರ ಮೈಮೇಲಿನ ಚಿಗಟವು ಬೇರೆ ಬಿಸಿ ರಕ್ತವನ್ನು ಅರಸಿ ಮನುಷ್ಯನನ್ನು ಕಚ್ಚುತ್ತದೆ. ಕಾಳಿನ ಹಗೇವು, ಅರಳೆಯ ಅಂಡಿಗೆ, ಕತ್ತಲೆಯ ಅಟ್ಟ ಇವುಗಳುಳ್ಳ ಮನೆಯಲ್ಲಿ ಅಪಾಯವಿದ್ದಿತೇ ಹೊರತು, ಬಯಲಿನ ಜೋಪಡಿಯಲ್ಲಿ ಮಲಗಿದ್ದ ರೋಗಿಯ ಮೈಯಲ್ಲಲ್ಲ. ಪುಪ್ಪುಸಕ್ಕೆ ತಗಲುವ ಪ್ಲೇಗು ಇದಕ್ಕೆ ಅಪವಾದ. ಅದು ಕೆಮ್ಮಿನ ಹನಿಯಿಂದ ನೇರವಾಗಿ ಹರಡುವಂಥದು, ಶುಶ್ರೂಷೆ ಮಾಡುವವರಿಗೆ ಮೃತ್ಯುವೇ ಸರಿ. ಪುಣೆಯ ಬಳಿ ಪ್ಲೇಗಿನ ರೋಗಿಗಳ ಸೇವೆಯಲ್ಲಿ ತೊಡಗಿ ಸಾವಿತ್ರಿಬಾಯಿ ಫುಲೆಯವರು ತಾವೇ ರೋಗಕ್ಕೀಡಾಗಿ 1897ರ ಮಾರ್ಚ್ 10ರಂದು ತೀರಿಕೊಂಡದ್ದನ್ನು ನೆನೆದರೆ, ಒಟ್ಟಿನ ಮೇಲೆ ಅಪಾಯ ಕಡಮೆಯೆಂಬ ಮಾತು ಒಬ್ಬೊಬ್ಬರ ಪಾಲಿಗೆ ಎಷ್ಟು ಉಪಯೋಗಕ್ಕೆ ಬಂದೀತೆಂಬುದು ತಿಳಿಯುತ್ತದೆ.

ಇದರಿಂದ ಹೊರಡುವ ಅರ್ಥ ಕಹಿಯಾದದ್ದು. ಮುಟ್ಟಿದರೆ ಸಾವೆಂದು ಹೆದರಿ ಬಿಟ್ಟುಹೋದ ರೋಗಿಗಳನ್ನು ಬಹುಪಾಲು ಸಂದರ್ಭಗಳಲ್ಲಿ ಬಿಡಬೇಕಾಗಿರಲಿಲ್ಲ. ರೋಗಿಯ ಮಗ್ಗುಲಲ್ಲಿ ಕುಳಿತ ಹೆಂಡತಿಯನ್ನು ಎಬ್ಬಿಸಿ ಬೇರೆ ಶಿಬಿರಕ್ಕೆ ಸಾಗಿಸಿದ ಕಟ್ಟಳೆಯಿಂದ, ಗಡ್ಡೆಯ ಪ್ಲೇಗಿನ ಮಟ್ಟಿಗೆ, ಆಕೆಗೆ ಒದಗಿದ ರಕ್ಷಣೆ ಆಕೆಯನ್ನು ಇಲಿಯ ಮನೆಯಿಂದ ಹೊರಗೆ ತಂದದ್ದಷ್ಟೇ. ಅದೇ ರಕ್ಷಣೆ ರೋಗಿಯ ಜೋಪಡಿಯಲ್ಲಿದ್ದರೂ ಆಕೆಗೆ ದೊರೆಯುತ್ತಿದ್ದಿತು. ಶಾಸ್ತ್ರವನ್ನರಿಯದೆ ಊರು ಬಿಟ್ಟ ನಮ್ಮ ರೈತರ ನಡತೆ ಸರಿಯಾಗಿಯೇ ಇದ್ದಿತು. ಶಾಸ್ತ್ರವನ್ನು ಓದಿದವರು ಒಡ್ಡಿದ ಅಗಲಿಕೆಯು ಬಹುಮಟ್ಟಿಗೆ ವ್ಯರ್ಥವಾಗಿದ್ದಿತು. ಅಂದಿನ ಜ್ಞಾನದ ಮಿತಿಯನ್ನು ಗಣಿಸಿ ಅಧಿಕಾರಿಗಳನ್ನು ಕ್ಷಮಿಸಬಹುದು. ರೋಗಿಯ ಬಳಿ ಉಳಿಯಲು ಹಟ ಹಿಡಿದವರನ್ನು ಮೂಢರೆಂದು ಬರೆದ ಬರೆಹಗಳನ್ನು ಇಂದೂ ಹಾಗೆಯೇ ಒಪ್ಪಿಕೊಳ್ಳಲಾಗದು.

ಹುಬ್ಬಳ್ಳಿಯ ಚುಚ್ಚುಮದ್ದಿನ ಕಥೆ ಈ ಸಂದರ್ಭದಲ್ಲಿಯೇ ಬರತಕ್ಕದ್ದು. ಹಾಫ್‌ಕಿನ್ ಪಂಡಿತನು ಮುಂಬಯಿಯಲ್ಲಿ ಸಿದ್ಧಪಡಿಸಿ 1897ರ ಜನವರಿ 10ರಂದು ತನ್ನ ಮೇಲೆಯೇ ಪ್ರಯೋಗಿಸಿಕೊಂಡ ಲಸಿಕೆಯನ್ನು, 1898ರ ಮೇ ತಿಂಗಳಿಂದ ಸೆಪ್ಟಂಬರಿನವರೆಗೆ ಡಾಕ್ಟರ್ ಲ್ಯೂಮನ್ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಹಾಕಿದನು. ಅಷ್ಟು ದೊಡ್ಡ ಪ್ರಮಾಣದ ಪ್ರಯೋಗ ಅಂದಿಗೆ ಅಪೂರ್ವ. ವೈದ್ಯಚರಿತ್ರೆಯ ಗ್ರಂಥಗಳಲ್ಲಿ ಹುಬ್ಬಳ್ಳಿಯ ಹೆಸರು ನಿಂತದ್ದು ಇದರಿಂದಲೇ. ಜನರು ಅಷ್ಟು ಸಂಖ್ಯೆಯಲ್ಲಿ ತೋಳೊಡ್ಡಿದ್ದೇಕೆ ಎಂಬುದಕ್ಕೆ ವಿಜ್ಞಾನದ ಮೇಲಣ ನಂಬಿಕೆಯೊಂದನ್ನೇ ಕಾರಣವಾಗಿ ಹೇಳುವುದು ಸಾಲದು. ಲಸಿಕೆ ಹಾಕಿಸಿಕೊಂಡವನಿಗೆ ಪ್ರಮಾಣಪತ್ರ ದೊರೆಯುತ್ತಿದ್ದಿತು. ಅದು ಕೈಯಲ್ಲಿದ್ದರೆ ಪ್ರತ್ಯೇಕ ಶಿಬಿರದ ಬಂಧನದಿಂದ ವಿನಾಯಿತಿ. ಎರಡು ದಿನದ ಜ್ವರ, ತೋಳಿನ ಬಾವುಗಳನ್ನು ಸಹಿಸಿಕೊಂಡರೆ ಮನೆಯವರ ಬಳಿ ಉಳಿಯುವ ಹಕ್ಕು ಸಿಕ್ಕುತ್ತಿದ್ದಿತೆಂದರೆ ಎಷ್ಟು ಮಂದಿ ಅದನ್ನು ಬೇಡವೆಂದಾರು?

ಹಾವೇರಿಯು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ತಾನೇ ಜಿಲ್ಲೆಯಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ರೋಗವು ಜಗದ್ವ್ಯಾಪಿಯೆಂದು ಸಾರಲ್ಪಟ್ಟಾಗ ಜಿಲ್ಲಾ ಆಸ್ಪತ್ರೆಯೂ, ರಾಣೇಬೆನ್ನೂರು, ಬ್ಯಾಡಗಿ ಮೊದಲಾದ ತಾಲೂಕು ಆಸ್ಪತ್ರೆಗಳೂ ಸಾಂಕ್ರಾಮಿಕದ ಕೆಲಸಕ್ಕೆ ಅಣಿಯಾಗಬೇಕಾಯಿತು. ಆ ಏಪ್ರಿಲಿನಲ್ಲಿ ಕೇಂದ್ರ ಸರಕಾರವು ಚಿಕಿತ್ಸಾಸ್ಥಳಗಳನ್ನು ಮತ್ತೆ ಮೂರಾಗಿ ವಿಂಗಡಿಸಿತು: ಸೌಮ್ಯ ರೋಗಿಗಳಿಗೆ ಆರೈಕೆ ಕೇಂದ್ರ, ಮಧ್ಯಮರಿಗೆ ಆರೋಗ್ಯ ಕೇಂದ್ರ, ತೀವ್ರರಿಗೆ ಆಸ್ಪತ್ರೆ. ಮೂರು ಎಂಬ ಸಂಖ್ಯೆಯ ಸಾಮ್ಯಕ್ಕೆ ಮೋಸಹೋಗಬಾರದು. 1898ರ ವಿಂಗಡಣೆ ಮನುಷ್ಯನು ರೋಗಿಯೋ, ಸಂಪರ್ಕದವನೋ, ಆರೋಗ್ಯವಂತನೋ ಎಂಬುದರ ಮೇಲೆ. 2020ರದು ರೋಗದ ತೀವ್ರತೆಯ ಮೇಲೆ, ಅಂದರೆ ಎಷ್ಟು ಶುಶ್ರೂಷೆ ಬೇಕೆಂಬುದರ ಮೇಲೆ. ನೂರಿಪ್ಪತ್ತು ವರುಷಗಳಲ್ಲಿ ಆದ ನಿಜವಾದ ಪ್ರಗತಿಯೆಂದರೆ ಇದೊಂದು.

ಆದರೆ ಬಾಗಿಲ ಬಳಿಯ ಸ್ಥಿತಿ ತಿರುವುಮುರುವಾಯಿತು. ಈ ರೋಗ ನಿಜವಾಗಿಯೂ ಮನುಷ್ಯನ ಉಸಿರಿನಿಂದ ಮನುಷ್ಯನಿಗೆ ಹರಡುವಂಥದು. ನೆಂಟರನ್ನು ಹೊರಗಿಟ್ಟದ್ದಕ್ಕೆ ಈ ಸಲ ಶಾಸ್ತ್ರದ ಆಧಾರವಿದ್ದಿತು. ಹಾಗಾಗಿ ಗಂಜಿ ಕುಡಿಸುವ, ಮೈ ಒರೆಸುವ, ಧೈರ್ಯ ಹೇಳುವ ಕೆಲಸಗಳೆಲ್ಲ, ಎಂದರೆ ನಮ್ಮ ಆಸ್ಪತ್ರೆಗಳಲ್ಲಿ ಮೊದಲಿನಿಂದಲೂ ಮನೆಯವರೇ ಮಾಡುತ್ತ ಬಂದವುಗಳೆಲ್ಲ, ಒಮ್ಮೆಗೇ ಶುಶ್ರೂಷಕಿಯ ಪಾಲಿಗೆ ಬಂದವು. ಅದೂ ಮೈಮುಚ್ಚುವ ಕವಚವನ್ನು ತೊಟ್ಟು. ಪಾಳಿ ಮುಗಿಯುವವರೆಗೆ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ; ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಅದರೊಳಗೆ ಬೆವರು ಸುರಿಯುತ್ತದೆ, ಕನ್ನಡಕಕ್ಕೆ ಹಬೆ ಕಟ್ಟುತ್ತದೆ. ಕವಚವನ್ನು ತೊಡುವುದಕ್ಕಿಂತ ಕಳಚುವಾಗ ಹೆಚ್ಚು ಅಪಾಯ. ದಣಿದ ಹೊತ್ತಿನಲ್ಲಿ ಅತ್ಯಂತ ಎಚ್ಚರ ಬೇಕಾದ ಕೆಲಸವದು.

ಮದ್ದಿನ ಸ್ಥಿತಿಯೂ ಮೊದಲ ತಿಂಗಳುಗಳಲ್ಲಿ 1898ಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ಡೆಕ್ಸಾಮೆಥಸೋನ್ ತೀವ್ರ ರೋಗಿಗಳ ಪ್ರಾಣ ಉಳಿಸಬಲ್ಲದೆಂದು ತಿಳಿದದ್ದು 2020ರ ಜೂನಿನಲ್ಲಿ. ಉಳಿದಂತೆ ಆಸರೆ ಆಮ್ಲಜನಕವೇ. ಪ್ಲೇಗಿನವನನ್ನು ಅಂಗಾತ ಮಲಗಿಸಿ ಏಳದಂತೆ ಕಾಯುವುದು ಅಂದಿನ ಶುಶ್ರೂಷೆಯ ಸಾರವಾಗಿದ್ದರೆ, ಕೋವಿಡ್ಡಿನವನನ್ನು ಬೋರಲಾಗಿ ಮಲಗಿಸಿ ಆ ಭಂಗಿಯಲ್ಲಿ ಗಂಟೆಗಟ್ಟಲೆ ಇರಿಸುವುದು ಇಂದಿನದರ ಸಾರವಾಯಿತು. ಬೆರಳಿಗೆ ಯಂತ್ರವನ್ನಿಟ್ಟು ರಕ್ತದ ಆಮ್ಲಜನಕ ನೂರಕ್ಕೆ 94ಕ್ಕಿಂತ ಕೆಳಗಿಳಿಯಿತೇ ಎಂದು ನೋಡುವುದು, ಇಳಿದರೆ ಹರಿವನ್ನು ಏರಿಸುವುದು, ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ಲೆಕ್ಕ ಹಾಕುವುದು. ಈ ಲೆಕ್ಕ ಸರಳವಾದುದೇ: ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರು, ನಿಮಿಷಕ್ಕೆ 10 ಲೀಟರಿನಂತೆ ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆ, ನಿಮಿಷಕ್ಕೆ 60 ಲೀಟರು ಬೇಡುವ ಯಂತ್ರಕ್ಕೆ ಹಚ್ಚಿದರೆ ಎರಡು ಗಂಟೆಯೂ ಇಲ್ಲ. ನಡುರಾತ್ರಿ ಹತ್ತಾರು ಹಾಸಿಗೆಗಳ ಕೋಣೆಯಲ್ಲಿ ಈ ಗಣಿತವನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದವರು ಬಹುಪಾಲು ಇಪ್ಪತ್ತು ಮೂವತ್ತರ ವಯಸ್ಸಿನ ಶುಶ್ರೂಷಕ ಶುಶ್ರೂಷಕಿಯರು. ಹೊರಗೆ ಕಾದಿದ್ದ ಮನೆಯವರಿಗೆ ತಮ್ಮದೇ ಫೋನಿನಲ್ಲಿ ರೋಗಿಯ ಮುಖವನ್ನು ತೋರಿಸಿದವರೂ ಅವರೇ. ‘ಶುಶ್ರೂಷಾ’ ಶಬ್ದದ ಮೂಲಾರ್ಥವಾದ ಕಿವಿಗೊಡುವಿಕೆ ಇಲ್ಲಿ ಎರಡೂ ಕಡೆಗೆ ನಡೆಯಿತೆನ್ನಬಹುದು.

ಕಾನೂನಿನಲ್ಲಿ ಕಾಣುವ ವ್ಯತ್ಯಾಸವನ್ನೂ ಇಲ್ಲಿ ಹೇಳಬೇಕು. 1897ರ ಕಾಯಿದೆಯು ಅದರಂತೆ ನಡೆದ ಅಧಿಕಾರಿಯ ಮೇಲೆ ದಾವೆ ಹೂಡದಂತೆ ರಕ್ಷಣೆ ಕೊಟ್ಟಿತು. ಶುಶ್ರೂಷೆ ಮಾಡುವವರ ಮಾತು ಅದರಲ್ಲಿ ಇರಲಿಲ್ಲ. 2020ರ ಏಪ್ರಿಲಿನ ಸುಗ್ರೀವಾಜ್ಞೆ, ಅನಂತರ ಅದೇ ವರುಷದ ತಿದ್ದುಪಡಿ ಕಾಯಿದೆಗಳು ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ, ಗಾಯ ತೀವ್ರವಾಗಿದ್ದರೆ, ಏಳು ವರುಷಗಳವರೆಗೆ ಸೆರೆಮನೆಯನ್ನು ವಿಧಿಸಿದವು. ಇಂಥ ಕಾನೂನು ಬೇಕಾಯಿತೆಂಬುದೇ ಆರ್ಥರ್ ರೋಡಿನ ಬಾಗಿಲು ಇನ್ನೂ ಪೂರ್ತಿ ಮುಚ್ಚಿಲ್ಲವೆಂಬುದಕ್ಕೆ ಗುರುತು.

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಎರಡನೆಯ ಅಲೆ ಬಂದಾಗ ಹಾಸಿಗೆ, ಆಮ್ಲಜನಕಗಳ ಕೊರತೆಯ ಸುದ್ದಿಯೇ ಎಲ್ಲೆಡೆ ತುಂಬಿದ್ದಿತು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ತೀರಿಕೊಂಡರು. ಕೈಗಳ ಕೊರತೆ ಅಷ್ಟು ಸುದ್ದಿಯಾಗಲಿಲ್ಲ. ಆದರೆ ಅದೇ ಮೇ 3ರಂದು ಕೇಂದ್ರ ಸರಕಾರವು ಶುಶ್ರೂಷಾ ಪದವಿ, ಡಿಪ್ಲೊಮಾ ಪಡೆದವರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಪೂರ್ಣಕಾಲ ಕೋವಿಡ್ ಕೆಲಸಕ್ಕೆ ಹಚ್ಚಬಹುದೆಂದು ಸಾರಿತು. ನೂರು ದಿನ ಆ ಸೇವೆ ಸಲ್ಲಿಸಿದವರಿಗೆ ಮುಂದಿನ ಸರಕಾರಿ ನೇಮಕಗಳಲ್ಲಿ ಆದ್ಯತೆಯ ಭರವಸೆಯನ್ನೂ ಕೊಟ್ಟಿತು. ಜಿಲ್ಲೆ ಜಿಲ್ಲೆಗಳಲ್ಲಿ ತಾತ್ಕಾಲಿಕವಾಗಿ ನೇಮಕಗೊಂಡವರು ಅನೇಕರು. ಅಲೆ ಇಳಿದು ಕೇಂದ್ರಗಳು ಮುಚ್ಚಿದಾಗ ಅವರಲ್ಲಿ ಬಹಳ ಮಂದಿಯ ಕೆಲಸವೂ ಮುಗಿಯಿತು. 1898ರ ಹುಬ್ಬಳ್ಳಿಯಲ್ಲಿ ಪ್ರಮಾಣಪತ್ರವು ಲಸಿಕೆ ಹಾಕಿಸಿಕೊಂಡವನ ಕೈ ಸೇರುತ್ತಿದ್ದಿತು, ಮತ್ತು ಅದನ್ನು ತೋರಿಸಿದ ಗಳಿಗೆಯಲ್ಲಿಯೇ ಶಿಬಿರದ ಕಾವಲುಗಾರನು ದಾರಿ ಬಿಡುತ್ತಿದ್ದನು. 2021ರ ಪ್ರಮಾಣಪತ್ರ ನೂರು ದಿನ ಶುಶ್ರೂಷೆ ಮಾಡಿದವಳ ಕೈಯಲ್ಲಿದೆ; ಅದನ್ನು ತೋರಿಸಬೇಕಾದದ್ದು ಮುಂದೆಂದೋ ಹೊರಡುವ ನೇಮಕದ ಅರ್ಜಿಯ ಜತೆಗೆ.